ಚೆಂಡಿನ ಎಸೆತವೂ ಮಕ್ಕಳ ಸ್ವಭಾವವೂ

ಮನುಷ್ಯರ ಸ್ವಭಾವವನ್ನು ಬೇರೊಂದು ವಸ್ತುವಿಗೆ ಹೋಲಿಸಿ ಹೇಳುವುದು ನಮ್ಮ ನುಡಿಗೆ ಹೊಸದಲ್ಲ. ಮೃದು ಹೃದಯದವಳನ್ನು ಬೆಣ್ಣೆಯೆಂದೂ, ಮಾತಿನಲ್ಲಿ ಚುರುಕಾದವಳನ್ನು ಮೆಣಸಿನಕಾಯಿಯೆಂದೂ, ಮನೆಯೊಳಗೆ ಕಾಲಿಟ್ಟೊಡನೆ ಎಲ್ಲವನ್ನೂ ಅಲ್ಲೋಲಕಲ್ಲೋಲ ಮಾಡುವವಳನ್ನು ಬಿರುಗಾಳಿಯೆಂದೂ ನಮ್ಮ ಅಜ್ಜಿಯರು ಕರೆಯುತ್ತಿದ್ದರು. ಅಂಥ ಹೋಲಿಕೆಗಳಲ್ಲಿ ಪ್ರೀತಿಯೂ ಇರುತ್ತಿತ್ತು, ಎಚ್ಚರಿಕೆಯೂ ಇರುತ್ತಿತ್ತು. ಈಗ ಅಮೆರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮಕ್ಕಳ ಮೂಲಕ ಇಂಥದೇ ಇನ್ನೊಂದು ವಿನೋದವು ನಮ್ಮ ಹಿರಿಯ ತರಗತಿಗಳಿಗೂ ಬಂದು ಮುಟ್ಟಿದೆ. ಆ ದೇಶದ ಬೇಸ್‌ಬಾಲ್ ಆಟದಲ್ಲಿ ಚೆಂಡನ್ನು ಎಸೆಯುವ ಬಗೆಗಳು ಹಲವು ಉಂಟು. "ನೀನು ಯಾವ ಎಸೆತ?" ಎಂದು ಒಬ್ಬರನ್ನೊಬ್ಬರು ಕೇಳಿ, ತಮ್ಮ ತಮ್ಮ ಗುಣಕ್ಕೆ ಒಪ್ಪುವ ಎಸೆತವನ್ನು ಆರಿಸಿಕೊಳ್ಳುವುದೇ ಈ ವಿನೋದವು.

ಇಷ್ಟು ಸಣ್ಣ ವಿಷಯಕ್ಕೆ ಸ್ಮರಣ ಸಂಚಿಕೆಯಲ್ಲಿ ಸ್ಥಳವೇಕೆಂದು ವಾಚಕರು ಕೇಳಬಹುದು. ಆದರೆ ಮಕ್ಕಳು ಆಟಕ್ಕಾಗಿ ಒಂದು ಗಳಿಗೆ ಮಾಡುವುದನ್ನೇ ನಾವು ಹಿರಿಯರು ವರ್ಷವಿಡೀ ಗಂಭೀರವಾಗಿ ಮಾಡುತ್ತೇವೆ. "ನನ್ನ ದೊಡ್ಡ ಮಗಳು ಚುರುಕು, ಚಿಕ್ಕವಳು ಮಂದ" ಎಂಬ ಮಾತನ್ನು ಆ ಚಿಕ್ಕವಳ ಎದುರಿನಲ್ಲಿಯೇ ಆಡದ ಮಾತಾಪಿತೃಗಳು ವಿರಳ. ಆದುದರಿಂದ ಈ ಹೋಲಿಕೆಯು ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ಅಪಾಯ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ನಮ್ಮವರು ಬಲ್ಲ ಕ್ರಿಕೆಟ್ಟಿನಲ್ಲಿ ಚೆಂಡು ಸಾಮಾನ್ಯವಾಗಿ ನೆಲವನ್ನು ಮುಟ್ಟಿ ಪುಟಿದು ದಾಂಡಿಗನ ಬಳಿಗೆ ಹೋಗುತ್ತದೆ. ಬೇಸ್‌ಬಾಲಿನಲ್ಲಿ ಅದು ನೆಲ ಮುಟ್ಟದೆ ಗಾಳಿಯಲ್ಲಿಯೇ ಸಾಗತಕ್ಕದ್ದು. ಪಿಚರ್ ಎಂಬ ಎಸೆತಗಾರನು ನಿಲ್ಲುವ ಸ್ಥಳಕ್ಕೂ ದಾಂಡಿಗನ ಬಳಿಯ ಮನೆಫಲಕಕ್ಕೂ ನಡುವೆ 60 ಅಡಿ 6 ಅಂಗುಲಗಳ ಅಂತರವೆಂದು 1893ರಿಂದ ನಿಯಮಿಸಲ್ಪಟ್ಟಿದೆ. ಆ ಫಲಕದ ಅಗಲವು 17 ಅಂಗುಲ. ಚೆಂಡಿನ ತೂಕವು ಐದು ಔನ್ಸಿಗಿಂತ ತುಸು ಹೆಚ್ಚು. ಅದರ ಚರ್ಮದ ಮೇಲೆ ಕೆಂಪು ದಾರದಿಂದ ಹಾಕಿದ 108 ಜೋಡಿ ಹೊಲಿಗೆಗಳುಂಟು. ಎಸೆತದ ಸಮಸ್ತ ರಹಸ್ಯವೂ ಈ ಹೊಲಿಗೆಗಳಲ್ಲಿಯೇ ಅಡಗಿದೆ. ಬೆರಳುಗಳನ್ನು ಹೊಲಿಗೆಯ ಮೇಲೆ ಎಲ್ಲಿ ಇಟ್ಟರು, ಬಿಡುವಾಗ ಮಣಿಕಟ್ಟನ್ನು ಹೇಗೆ ತಿರುಗಿಸಿದರು ಎಂಬುದರಿಂದ ಚೆಂಡಿನ ಸುತ್ತು ಬದಲಾಗುತ್ತದೆ. ಸುತ್ತು ಬದಲಾದರೆ ಗಾಳಿಯು ಅದನ್ನು ತಳ್ಳುವ ದಿಕ್ಕೂ ಬದಲಾಗುತ್ತದೆ. ಚೆಂಡು ಒಂದೇ, ಕೈ ಒಂದೇ. ಎಸೆತಗಳು ಮಾತ್ರ ಹಲವು.

ಇನ್ನು ಎಸೆತಗಳ ಗುಣವನ್ನು ನೋಡೋಣ. ಮೊದಲನೆಯದು ಫಾಸ್ಟ್‌ಬಾಲ್, ಅಂದರೆ ವೇಗದ ಎಸೆತ. ಗಂಟೆಗೆ 95 ಮೈಲಿ ವೇಗದಲ್ಲಿ ಹೊರಟ ಚೆಂಡು ಸುಮಾರು 0.4 ಸೆಕೆಂಡಿನೊಳಗಾಗಿ ದಾಂಡಿಗನನ್ನು ತಲಪುತ್ತದೆ. ಇದರಲ್ಲಿ ಮುಚ್ಚುಮರೆಯಿಲ್ಲ, "ಇಗೋ ಬಂದೆನು, ತಡೆಯಬಲ್ಲೆಯಾ?" ಎಂದು ಕೇಳುವಂತಿರುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ಹುಡುಗಿಯರು ತಮ್ಮನ್ನು ಇದಕ್ಕೆ ಹೋಲಿಸಿಕೊಳ್ಳುತ್ತಾರೆ. ಎರಡನೆಯದು ಕರ್ವ್‌ಬಾಲ್. ಮೇಲಿನಿಂದ ಮುಂದಕ್ಕೆ ಉರುಳುವ ಸುತ್ತನ್ನು ಪಡೆದ ಈ ಚೆಂಡು ಎತ್ತರದಲ್ಲಿ ಬರುವಂತೆ ತೋರಿ ಕಡೆಗೆ ಬಾಗಿ ಕೆಳಗಿಳಿಯುತ್ತದೆ. ನೇರವಾಗಿ ಹೇಳದೆ ಬಳಸಿ ಹೇಳಿ, ಕಡೆಗೆ ಹೇಳಬೇಕಾದುದನ್ನೇ ಹೇಳಿ ಮುಗಿಸುವ ಜಾಣೆಯರು ಈ ಜಾತಿಗೆ ಸೇರಿದವರು. ಮೂರನೆಯದು ಚೇಂಜಪ್. ತೋಳಿನ ಬೀಸು ವೇಗದ ಎಸೆತದಂತೆಯೇ ಇದ್ದರೂ ಚೆಂಡನ್ನು ಅಂಗೈಯೊಳಗೆ ಆಳವಾಗಿ ಹಿಡಿದಿರುವುದರಿಂದ ಅದು ನಿಧಾನವಾಗಿ ಬರುತ್ತದೆ. ಆತುರಪಟ್ಟು ದಾಂಡನ್ನು ಬೀಸಿದವನು ಗಾಳಿಯನ್ನೇ ಹೊಡೆಯುತ್ತಾನೆ. ಅವಸರದ ಮನೆಯಲ್ಲಿ ಅವಸರಪಡದೆ ಇರುವ ಮಗಳು ಇಂಥವಳು. ನಾಲ್ಕನೆಯದಾದ ನಕಲ್‌ಬಾಲನ್ನು ಬೆರಳ ತುದಿಗಳಿಂದಲೋ ಉಗುರುಗಳಿಂದಲೋ ಹಿಡಿದು, ಬಹುಮಟ್ಟಿಗೆ ಸುತ್ತಿಲ್ಲದಂತೆ ಬಿಡುತ್ತಾರೆ. ಅದು ಗಾಳಿಯಲ್ಲಿ ತೂಗಾಡುತ್ತಾ ಬರುತ್ತದೆ. ಎತ್ತ ತಿರುಗುವುದೆಂಬುದು ಎಸೆದವನಿಗೂ ನಿಶ್ಚಯವಾಗಿ ತಿಳಿಯದು. ಅದನ್ನು ಹಿಡಿಯಲು ಕ್ಯಾಚರನು ಸಾಮಾನ್ಯಕ್ಕಿಂತ ದೊಡ್ಡದಾದ ಕೈಚೀಲವನ್ನು ತೊಡುವುದುಂಟು. ಪ್ರತಿ ತರಗತಿಯಲ್ಲಿಯೂ ಇಂಥ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ತಾಯಂದಿರಿಗೂ ದೊಡ್ಡ ಕೈಚೀಲವೇ ಬೇಕಾಗುತ್ತದೆ!

ಈ ವಿನೋದದಿಂದ ಒಂದು ಪ್ರಯೋಜನವಿದೆಯೆಂಬುದನ್ನು ಒಪ್ಪಲೇಬೇಕು. ನಿಧಾನದ ಎಸೆತಕ್ಕೂ ಅದರದೇ ಗೌರವವುಂಟೆಂದು ಇದು ಹುಡುಗಿಯರಿಗೆ ಕಲಿಸುತ್ತದೆ. ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ವೇಗವೊಂದಕ್ಕೇ ಬಹುಮಾನ ಕೊಡುವ ಅಭ್ಯಾಸವು ಬೇರೂರಿದೆ. ಬೇಗ ಉತ್ತರ ಹೇಳಿದವಳೇ ಬುದ್ಧಿವಂತೆ, ಬೇಗ ಬರೆದು ಮುಗಿಸಿದವಳೇ ಮೊದಲಿಗಳು. ಹೋಯ್ಟ್ ವಿಲ್‌ಹೆಲ್ಮ್ ಎಂಬ ಆಟಗಾರರ ಚರಿತ್ರೆಯು ಇಂಥ ಎಣಿಕೆಗೆ ಒಳ್ಳೆಯ ಉತ್ತರವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡ ಅವರು ಶ್ರೇಷ್ಠ ದರ್ಜೆಯ ಆಟಕ್ಕೆ ಬಂದದ್ದು 1952ರಲ್ಲಿ, ಮೂವತ್ತು ವರ್ಷ ತುಂಬುತ್ತಿದ್ದಾಗ. ತೋಳಿಗೆ ಹೆಚ್ಚು ಆಯಾಸ ಕೊಡದ ನಕಲ್‌ಬಾಲನ್ನೇ ನಂಬಿ 1972ರ ವರೆಗೂ, ಅಂದರೆ ಐವತ್ತರ ಹೊಸ್ತಿಲಿನ ವರೆಗೂ ಆಡಿದರು. ವೇಗವಾಗಿ ಎಸೆಯುತ್ತಿದ್ದ ಅವರ ಓರಗೆಯವರಲ್ಲಿ ಬಹುಮಂದಿ ಅದಕ್ಕೆ ಎಷ್ಟೋ ವರ್ಷ ಮೊದಲೇ ಮನೆ ಸೇರಿದ್ದರು.

ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲದೆ, "ನಾನು ಹೀಗೆಯೇ, ನನ್ನಿಂದ ಬೇರೇನೂ ಆಗದು" ಎಂಬ ತೀರ್ಮಾನಕ್ಕೆ ಹೋಗಿ ಮುಟ್ಟುವುದಾದರೆ ಅದನ್ನು ನಾನು ಒಪ್ಪಲಾರೆನು. ಇದಕ್ಕೆ ನನ್ನ ಮೊದಲನೆಯ ಕಾರಣವೇನೆಂದರೆ, ಎಸೆತವು ಎಸೆದವನ ಮನಸ್ಸಿನ ಕನ್ನಡಿಯಲ್ಲ. 1907ರಿಂದ 1927ರ ವರೆಗೆ ವಾಷಿಂಗ್ಟನ್ ತಂಡದ ಪರವಾಗಿ ಆಡಿದ ವಾಲ್ಟರ್ ಜಾನ್‌ಸನ್ನರು ಆ ಕಾಲದ ಅತ್ಯಂತ ವೇಗದ ಎಸೆತಗಾರರೆಂದು ಹೆಸರಾದವರು. 417 ಪಂದ್ಯಗಳನ್ನು ಗೆದ್ದವರು. ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ 110 ಪಂದ್ಯಗಳನ್ನು ಮುಗಿಸಿದವರು. ಆದರೆ ಆ ಮಿಂಚಿನ ಕೈಯ ಹಿಂದೆ ಇದ್ದದ್ದು ಅತಿ ಸೌಮ್ಯವಾದ ಮನಸ್ಸು. ತಮ್ಮ ಚೆಂಡು ಯಾರಿಗಾದರೂ ತಗಲೀತೆಂದು ಅವರು ಅಂಜುತ್ತಿದ್ದರೆಂಬುದು ಎದುರಾಳಿಗಳಿಗೂ ತಿಳಿದಿದ್ದ ಸಂಗತಿ. ಎಸೆತವನ್ನು ನೋಡಿ ಮನುಷ್ಯನನ್ನು ಅಳೆಯ ಹೊರಟವನು ಜಾನ್‌ಸನ್ನರನ್ನು ಉಗ್ರಸ್ವಭಾವದವರೆಂದೇ ಬರೆದುಕೊಳ್ಳುತ್ತಿದ್ದನು. ಹಾಗೆಯೇ ತರಗತಿಯಲ್ಲಿ ಪಟಪಟನೆ ಮಾತನಾಡುವ ಬಾಲಿಕೆಯು ಒಳಗೆ ಬಹಳ ಅಂಜುಬುರುಕಿಯಾಗಿರಬಹುದು. ಬಾಯಿ ತೆರೆಯದ ಬಾಲಿಕೆಯ ಮನಸ್ಸಿನಲ್ಲಿ ಬಂಡೆಯಂಥ ನಿಶ್ಚಯವಿರಬಹುದು.

ಎರಡನೆಯ ಕಾರಣವು ಇದಕ್ಕಿಂತ ದೊಡ್ಡದು. ಎಸೆತವು ಹುಟ್ಟಿನಿಂದ ಬಂದುದಲ್ಲ, ಹಿಡಿತದಿಂದಲೂ ಅಭ್ಯಾಸದಿಂದಲೂ ಬಂದುದು. ಅಷ್ಟೇ ಅಲ್ಲ, ಎಷ್ಟೋ ಸಾರಿ ಅದು ಊನದಿಂದಲೇ ಹುಟ್ಟಿರುತ್ತದೆ. ಇಂಡಿಯಾನ ಸಂಸ್ಥಾನದ ಹಳ್ಳಿಯಲ್ಲಿ 1876ರಲ್ಲಿ ಜನಿಸಿದ ಮಾರ್ಡೆಕಾಯ್ ಬ್ರೌನ್ ಎಂಬುವರ ಬಲಗೈಯ ತೋರುಬೆರಳು ಬಾಲ್ಯದಲ್ಲಿ ದನಗಳ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಹುಪಾಲು ಹೋಯಿತು. ಬಳಿಕ ಬಿದ್ದು ಉಳಿದ ಬೆರಳುಗಳೂ ಮುರಿದು ವಕ್ರವಾದವು. ಇಂಥ ಕೈಯುಳ್ಳವನು ಚೆಂಡೆಸೆಯುವ ಆಟಕ್ಕೆ ತಕ್ಕವನಲ್ಲವೆಂದು ಯಾರಾದರೂ ಹೇಳಿಬಿಡುತ್ತಿದ್ದರು. ಆದರೆ ಆ ವಕ್ರವಾದ ಬೆರಳುಗಳಿಂದ ಹೊರಟ ಚೆಂಡಿಗೆ ಬೇರೆ ಯಾರ ಕೈಯಿಂದಲೂ ಬಾರದ ಸುತ್ತು ಬರುತ್ತಿತ್ತು. 1907, 1908ನೆಯ ವರ್ಷಗಳಲ್ಲಿ ಷಿಕಾಗೋ ತಂಡವು ಸರ್ವಶ್ರೇಷ್ಠ ಪದವಿಯನ್ನು ಪಡೆದಾಗ ಆ ತಂಡದ ಆಧಾರಸ್ತಂಭಗಳಲ್ಲಿ ಅವರೊಬ್ಬರು. ನಮ್ಮ ನಾಡಿನವರಿಗೆ ಇದನ್ನು ನಂಬಲು ಕಷ್ಟವಾಗಲಾರದು. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈಯು ಬಾಲ್ಯದಲ್ಲಿ ಪೋಲಿಯೋ ರೋಗದಿಂದ ಕೃಶವಾಗಿತ್ತು. ಅದೇ ಕೈಯಿಂದ ಅವರು 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ಓಟಗಳಿಗೆ ಆರು ಮಂದಿಯನ್ನು ಉರುಳಿಸಿ, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲನೆಯ ಟೆಸ್ಟ್ ಜಯವನ್ನು ತಂದರು. ಊನವೇ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಇರುವ ಕೈಯಿಂದ ಏನು ಸಾಧ್ಯವೆಂಬುದನ್ನು ಎಸೆದು ನೋಡುವುದಕ್ಕೆ ಮೊದಲೇ ತೀರ್ಪು ಹೇಳಬಾರದೆಂಬುದಷ್ಟೇ ನನ್ನ ಮಾತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೊದಲೇ ಹೇಳುವ ತೀರ್ಪು ಎಷ್ಟು ಮಾಡಿದೆಯೆಂಬುದಕ್ಕೆ ಆ ಆಟದ ಚರಿತ್ರೆಯಲ್ಲಿಯೇ ಸಾಕಾದಷ್ಟು ನಿದರ್ಶನಗಳುಂಟು. 1931ನೆಯ ಏಪ್ರಿಲ್ 2ರಂದು ಚಟ್ಟನೂಗ ಪಟ್ಟಣದ ಪ್ರದರ್ಶನ ಪಂದ್ಯವೊಂದರಲ್ಲಿ ಜಾಕೀ ಮಿಚೆಲ್ ಎಂಬ 17 ವಯಸ್ಸಿನ ಹುಡುಗಿಯು, ಆ ಕಾಲದ ಮಹಾರಥರಾದ ಬೇಬ್ ರೂತ್, ಲೂ ಗೆಹ್ರಿಗ್ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ಔಟು ಮಾಡಿದಳು. ಅದು ಆಕೆಯ ಕೈಚಳಕವೋ, ಅಲ್ಲ ಅವರಿಬ್ಬರೂ ಬೇಕೆಂದೇ ಬಿಟ್ಟುಕೊಟ್ಟರೋ ಎಂಬ ಚರ್ಚೆಯು ಇನ್ನೂ ಮುಗಿದಿಲ್ಲ. ಹುಡುಗನೊಬ್ಬನು ಹಾಗೆ ಎಸೆದಿದ್ದರೆ ಆ ಚರ್ಚೆಯು ಹುಟ್ಟುತ್ತಲೇ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1943ರಲ್ಲಿ ಅಲ್ಲಿ ಸ್ತ್ರೀಯರ ವೃತ್ತಿ ಆಟದ ಸಂಘವೊಂದು ಸ್ಥಾಪಿತವಾದಾಗ, ಹೆಂಗಸರ ತೋಳಿಗೆ ಇಷ್ಟೇ ಸಾಧ್ಯವೆಂಬಂತೆ 12 ಅಂಗುಲ ಸುತ್ತಳತೆಯ ದೊಡ್ಡ ಚೆಂಡನ್ನು 40 ಅಡಿ ದೂರದಿಂದ, ಕೈಯನ್ನು ಕೆಳಗಿನಿಂದ ಬೀಸಿ ಎಸೆಯುವ ಕ್ರಮವನ್ನು ಇಟ್ಟರು. ವರ್ಷಗಳು ಕಳೆದಂತೆ ಚೆಂಡು ಚಿಕ್ಕದಾಯಿತು, ದೂರವು ಹೆಚ್ಚಿತು. 1948ರಲ್ಲಿ ಕೈಯನ್ನು ಭುಜದ ಮೇಲಿನಿಂದ ಬೀಸುವ ಕ್ರಮವೂ ಬಂದಿತು. 1954ರಲ್ಲಿ ಸಂಘವು ಮುಚ್ಚುವ ಹೊತ್ತಿಗೆ ಅವರು ಎಸೆಯುತ್ತಿದ್ದದ್ದು ಗಂಡಸರ ಚೆಂಡಿನಷ್ಟೇ ಗಾತ್ರದ ಚೆಂಡನ್ನು, 60 ಅಡಿ ದೂರದಿಂದ. ಅವರಲ್ಲಿ ಜೀನ್ ಫೌಟ್ ಎಂಬ ಮಹಿಳೆಯು, ಒಬ್ಬ ಎದುರಾಳಿಯೂ ಮೊದಲನೆಯ ನೆಲೆಯನ್ನು ಸಹ ಮುಟ್ಟದಂತೆ 1951ರಲ್ಲಿ ಒಂದು, 1953ರಲ್ಲಿ ಒಂದು, ಹೀಗೆ ಎರಡು ಪರಿಪೂರ್ಣ ಪಂದ್ಯಗಳನ್ನು ಎಸೆದಳು. ಹನ್ನೊಂದು ವರ್ಷಗಳಲ್ಲಿ ಹೆಣ್ಣಿನ ತೋಳು ಬದಲಾಯಿತೆ? ಇಲ್ಲ, ಅದರ ಮುಂದೆ ಇಟ್ಟಿದ್ದ ಗೆರೆಯು ಬದಲಾಯಿತು.

ಆ ಸಂಘದ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಮೇಮೀ ಜಾನ್‌ಸನ್ ಎಂಬ ಕಪ್ಪುವರ್ಣದ ಯುವತಿಯು ಪರೀಕ್ಷೆಗೆ ಹೋದಾಗ ಆಕೆಯ ಎಸೆತವನ್ನು ನೋಡದೆಯೇ ಹಿಂದಕ್ಕೆ ಕಳುಹಿಸಿದರು. ಆಕೆಯು 1953ರಿಂದ 1955ರ ವರೆಗೆ ಕಪ್ಪುಜನರ ಸಂಘದಲ್ಲಿ ಇಂಡಿಯಾನಾಪೊಲಿಸ್ ತಂಡಕ್ಕಾಗಿ ಗಂಡಸರ ಎದುರಿನಲ್ಲಿಯೇ ಎಸೆದಳು. ಆಕೆಯ ಗಿಡ್ಡ ಆಕಾರವನ್ನು ನೋಡಿ ಎದುರಾಳಿಯೊಬ್ಬನು ಕಡಲೆಕಾಯಿಗಿಂತ ದೊಡ್ಡವಳಲ್ಲವೆಂದು ಹಾಸ್ಯಮಾಡಿದನಂತೆ. ಕಡಲೆಕಾಯಿ ಎಂಬ ಆ ಹೆಸರನ್ನೇ ಆಕೆಯು ಕೀರ್ತಿಯ ಹೆಸರಾಗಿ ಧರಿಸಿದಳು. ಆದರೆ ಅಡ್ಡಹೆಸರನ್ನು ಹೀಗೆ ಗೆದ್ದು ಬರುವ ಶಕ್ತಿಯು ಎಲ್ಲ ಮಕ್ಕಳಿಗೂ ಇರುವುದಿಲ್ಲ. ಬಹುಮಂದಿ ಮಕ್ಕಳು ನಾವು ಇಟ್ಟ ಹೆಸರಿನೊಳಗೆ ಮೌನವಾಗಿ ಕುಳಿತುಬಿಡುತ್ತಾರೆ.

ನನ್ನ ಆತಂಕವೆಲ್ಲ ಇಲ್ಲಿಯೇ ಇದೆ. ಹತ್ತನೆಯ ತರಗತಿಯ ಫಲಿತಾಂಶವು ಹೊರಬಿದ್ದ ವಾರದಲ್ಲಿ ಮಾತಾಪಿತೃಗಳು ಶಾಲೆಗೆ ಬರುತ್ತಾರೆ. ಅಂಕಗಳು ಕಡಿಮೆಯಾದ ಹುಡುಗನ ತಂದೆಯು "ಇವನನ್ನು ಎಲ್ಲಿ ಸೇರಿಸಿದರೆ ಒಳ್ಳೆಯದು?" ಎಂದು ಕೇಳುತ್ತಾನೆಂದು ಗಂಡುಮಕ್ಕಳ ಶಾಲೆಗಳ ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಅಷ್ಟೇ ಅಂಕಗಳನ್ನು ಪಡೆದ ಹುಡುಗಿಯ ತಂದೆಯು ನಮ್ಮಲ್ಲಿ ಆಡುವ ಮಾತು ಬೇರೆ: "ಇವಳು ಮೊದಲಿನಿಂದಲೂ ಮಂದ, ಅಮ್ಮಾ, ಓದಿದ್ದು ಸಾಕು." ಮಂದ ಎಂಬ ಆ ಎರಡಕ್ಷರವು ಆಕೆಯ ಆರನೆಯ ವಯಸ್ಸಿನಲ್ಲಿ, ಕೂಡುವ ಲೆಕ್ಕವೊಂದು ತಪ್ಪಿದ ದಿನ, ಮನೆಯಲ್ಲಿ ಹುಟ್ಟಿರುತ್ತದೆ; ಹದಿನಾರನೆಯ ವಯಸ್ಸಿನಲ್ಲಿ ಅದು ಆಕೆಯ ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲೆ ಇಡುತ್ತದೆ. ನಡುವಣ ಹತ್ತು ವರ್ಷಗಳಲ್ಲಿ ಆಕೆಯ ಹಿಡಿತವನ್ನು ಯಾರಾದರೂ ತಿದ್ದಿ ನೋಡಿದರೆ? ಹೊಲಿಗೆಯ ಮೇಲೆ ಬೆರಳನ್ನು ಬೇರೆ ಕಡೆ ಇಟ್ಟು ನೋಡು ಮಗು ಎಂದು ಹೇಳಿದರೆ? ಹೇಳದೆ ಇದ್ದಲ್ಲಿ ಮಂದವಾದದ್ದು ಆಕೆಯ ಬುದ್ಧಿಯಲ್ಲ, ನಮ್ಮ ಪ್ರಯತ್ನ.

ಇದಕ್ಕೆ ಅನುಭವಸ್ಥರಾದ ಕೆಲವು ತಾಯಂದಿರು, "ಹಾಗಾದರೆ ಹುಟ್ಟುಗುಣವೆಂಬುದೇ ಇಲ್ಲವೆ? ಒಂದೇ ಮಡಿಲಲ್ಲಿ ಬೆಳೆದ ನಾಲ್ವರು ನಾಲ್ಕು ರೀತಿಯಲ್ಲಿರುವುದು ಹೇಗೆ?" ಎಂದು ಕೇಳುವರು. ಇದು ನ್ಯಾಯವಾದ ಪ್ರಶ್ನೆಯೇ. ಹುಟ್ಟುಗುಣವು ಉಂಟು. ಎಲ್ಲ ಮಕ್ಕಳೂ ಎಲ್ಲ ಎಸೆತಗಳನ್ನೂ ಕಲಿಯಲಾರರು, ಕಲಿಯಬೇಕಾದುದೂ ಇಲ್ಲ. ಪನಾಮ ದೇಶದ ಬೆಸ್ತರ ಮನೆಯಲ್ಲಿ ಬೆಳೆದ ಮರಿಯಾನೋ ರಿವೇರಾ ಎಂಬುವರು ಬಹುಮಟ್ಟಿಗೆ ಕಟರ್ ಎಂಬ ಒಂದೇ ಎಸೆತವನ್ನು ನೆಚ್ಚಿ 2013ರ ವರೆಗೆ ಆಡಿದರು. ಇದೇ ಬರುವುದೆಂದು ದಾಂಡಿಗರೆಲ್ಲರಿಗೂ ತಿಳಿದಿತ್ತು, ತಿಳಿದೂ ಹೊಡೆಯಲಾಗುತ್ತಿರಲಿಲ್ಲ. 2019ರಲ್ಲಿ ಅವರನ್ನು ಆ ಆಟದ ಕೀರ್ತಿಮಂದಿರಕ್ಕೆ ಆರಿಸಿದಾಗ ಒಂದು ಮತವೂ ವಿರುದ್ಧವಾಗಿ ಬೀಳಲಿಲ್ಲ. ಅದಕ್ಕೆ ಮುಂಚೆ ಯಾವ ಆಟಗಾರರಿಗೂ ಆ ಗೌರವವು ದೊರೆತಿರಲಿಲ್ಲ. ಆದರೆ ಅವರಿಗೆ ಆ ಎಸೆತವು ಕೈಗೆ ಬಂದದ್ದು 1997ರಲ್ಲಿ, ಜತೆಗಾರನೊಡನೆ ಸುಮ್ಮನೆ ಚೆಂಡು ಹಿಡಿದಾಡುತ್ತಿದ್ದಾಗ. ಅವರ ವಯಸ್ಸು ಆಗ ಇಪ್ಪತ್ತೇಳು. ಅದಕ್ಕಿಂತ ಹತ್ತು ವರ್ಷ ಮೊದಲೇ ಅವರ ಬಗೆಯನ್ನು ಯಾರಾದರೂ ನಿರ್ಣಯಿಸಿದ್ದರೆ ಆ ಪಟ್ಟಿಯಲ್ಲಿ ಕಟರ್ ಎಂಬ ಹೆಸರೇ ಇರುತ್ತಿರಲಿಲ್ಲ. ಹುಟ್ಟುಗುಣವು ಉಂಟು ನಿಜ; ಆದರೆ ಅದು ಏನೆಂಬುದನ್ನು ನಾವು ಹದಿನಾರಕ್ಕೇ ಬಲ್ಲೆವೆಂಬುದು ನಿಜವಲ್ಲ.

ಇನ್ನೊಂದು ಸಂಗತಿಯನ್ನು ಬಾಲಿಕೆಯರಿಗಾಗಿ ಹೇಳಬೇಕಾಗಿದೆ. ಚೆಂಡಿಗೆ ಉಗುಳು ಹಚ್ಚಿ ಜಾರುವಂತೆ ಮಾಡಿ ಎಸೆಯುವ ಸ್ಪಿಟ್‌ಬಾಲ್ ಎಂಬ ಎಸೆತವೊಂದಿತ್ತು. 1920ರಲ್ಲಿ ಅದನ್ನು ನಿಷೇಧಿಸಿದರು. ಅದನ್ನೇ ಜೀವನೋಪಾಯವಾಗಿ ನಂಬಿದ್ದ 17 ಮಂದಿ ಹಳಬರಿಗೆ ಮಾತ್ರ ವಿನಾಯಿತಿ ದೊರೆಯಿತು; ಅವರಲ್ಲಿ ಕಡೆಯವರು 1934ರಲ್ಲಿ ಆಟವನ್ನು ಬಿಟ್ಟರು. ಬಾಗುವ ಎಸೆತವು ಇಂದಿಗೂ ನಿಯಮಕ್ಕೆ ಒಪ್ಪಿದೆ, ಉಗುಳಿನ ಎಸೆತವು ಒಪ್ಪಿಲ್ಲ. ಎರಡೂ ದಾಂಡಿಗನನ್ನು ಮೋಸಗೊಳಿಸುವುವೇ ಅಲ್ಲವೆ ಎಂದರೆ, ಬಾಗುವ ಎಸೆತದಲ್ಲಿ ಕೌಶಲವು ಕೈಯದು, ಮತ್ತು ಹಾಗೆ ಎಸೆಯಬಹುದೆಂದು ಇಬ್ಬರೂ ಮೊದಲೇ ಒಪ್ಪಿ ಕಣಕ್ಕೆ ಇಳಿದಿರುತ್ತಾರೆ. ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಅಂಥ ಒಪ್ಪಂದವಿಲ್ಲ. ಆದುದರಿಂದ "ನಾನು ಕರ್ವ್‌ಬಾಲ್ ಸ್ವಭಾವದವಳು" ಎಂದು ನಗುತ್ತಾ ಹೇಳಿಕೊಳ್ಳುವವಳು, ತನ್ನೆದುರಿಗೆ ನಿಂತಿರುವವರು ಯಾರೆಂಬುದನ್ನು ಒಮ್ಮೆ ನೋಡಿಕೊಳ್ಳಬೇಕು. ಪಿಚರನ ಎದುರಿನಲ್ಲಿ ಒಬ್ಬರಲ್ಲ, ಇಬ್ಬರಿರುತ್ತಾರೆ. ಒಬ್ಬನು ಚೆಂಡನ್ನು ಹೊಡೆಯಲು ನಿಂತ ದಾಂಡಿಗ. ಇನ್ನೊಬ್ಬನು ಅವನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಬೆರಳ ಸಂಜ್ಞೆಯಿಂದ ಯಾವ ಎಸೆತ ಬೇಕೆಂದು ಕೇಳಿ, ಬಂದುದನ್ನು ಹಿಡಿಯುವ ಕ್ಯಾಚರ್. ಅತಿ ಕಠಿನವಾದ ಎಸೆತವೂ ಹಿಡಿಯುವವನ ಕೈಗೆ ಸಿಕ್ಕಬೇಕೆಂದೇ ಎಸೆಯಲ್ಪಡುತ್ತದೆ. ಗಂಡ, ಅತ್ತೆ, ಅಕ್ಕತಂಗಿಯರು, ಗೆಳತಿಯರು ಇವರೆಲ್ಲರೂ ನಮಗೆ ಕ್ಯಾಚರಿನ ಸ್ಥಾನದಲ್ಲಿರುವವರು. ಅವರನ್ನು ದಾಂಡಿಗರೆಂದು ಭಾವಿಸಿ ಸೋಲಿಸಲು ಹೊರಟ ಮನೆಯಲ್ಲಿ ಗೆದ್ದವರು ಯಾರೂ ಇರುವುದಿಲ್ಲ.

ಆದುದರಿಂದ ಮಾತಾಪಿತೃಗಳಲ್ಲಿ ನನ್ನ ವಿನಂತಿಯಿಷ್ಟೆ. ಮುಂದಿನ ಫಲಿತಾಂಶದ ವರೆಗೆ, ಒಂದು ವರ್ಷದ ಮಟ್ಟಿಗಾದರೂ, ಮಗಳು ಎಂಥವಳೆಂಬುದನ್ನು ಆಕೆಯ ಎದುರಿನಲ್ಲಿ ಹೇಳದೆ ಇರಿ. ಈ ವಾರ ಏನನ್ನು ಅಭ್ಯಾಸ ಮಾಡಿದಳೆಂಬುದನ್ನು ಮಾತ್ರ ಕೇಳಿ. ಪ್ರಗತಿಪತ್ರದಲ್ಲಿ ಉಪಾಧ್ಯಾಯಿನಿಯರು ಮಂದ, ಸಾಧಾರಣ, ಚುರುಕು ಎಂಬ ಹಣೆಬರಹವನ್ನು ಬರೆದಿದ್ದರೆ, "ಇದಕ್ಕೆ ಮುಂದೇನು ಮಾಡಬೇಕು?" ಎಂದು ನಮ್ಮನ್ನು ಸಂಕೋಚವಿಲ್ಲದೆ ಕೇಳಿ. ಉತ್ತರ ಕೊಡುವುದು ನಮ್ಮ ಕರ್ತವ್ಯ. ಈಗ ತಾಯಂದಿರೂ ಅಧ್ಯಾಪಿಕೆಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಬೇಡಿಕೆ: ನಿಮಗೆ ಬಾಲ್ಯದಲ್ಲಿ ಯಾರೋ ಅಂಟಿಸಿದ ಹೆಸರು ಯಾವುದಿತ್ತೆಂದು ನೆನೆದುಕೊಳ್ಳಿ, ಅದು ನಿಮ್ಮ ಮಗಳಿಗೆ ಬಳುವಳಿಯಾಗಿ ಹೋಗದಂತೆ ನೋಡಿಕೊಳ್ಳಿ.

ನಮ್ಮ ಹುಡುಗಿಯರು "ನೀನು ಯಾವ ಎಸೆತ?" ಎಂದು ಕೇಳಿಕೊಂಡು ನಗುವುದನ್ನು ನಾನು ನಿಲ್ಲಿಸುವವಳಲ್ಲ. 2014ರಲ್ಲಿ ಮೋನೇ ಡೇವಿಸ್ ಎಂಬ ಹದಿಮೂರು ವಯಸ್ಸಿನ ಬಾಲಿಕೆಯು ಪೆನ್ಸಿಲ್ವೇನಿಯದಲ್ಲಿ ನಡೆದ ಬಾಲಕರ ಜಾಗತಿಕ ಪಂದ್ಯಾವಳಿಯಲ್ಲಿ ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಗೆದ್ದಳು. ಹೆಣ್ಣುಮಗುವೊಂದು ಅಲ್ಲಿ ಹಾಗೆ ಗೆದ್ದದ್ದು ಅದೇ ಮೊದಲು. ಆಕೆಯ ಕೈಯಲ್ಲಿ ವೇಗದ ಎಸೆತವೂ ಇತ್ತು, ಬಾಗುವ ಎಸೆತವೂ ಇತ್ತು. ಆಕೆಯು ಯಾವ ಎಸೆತವೆಂದು ಕೇಳಿದ್ದರೆ ಏನು ಹೇಳುತ್ತಿದ್ದಳು? ನಮ್ಮ ಬಾಲಿಕೆಯರೂ ಕೇಳುವವರಿಗೆ ಕೊಡಬೇಕಾದ ಉತ್ತರವು ಒಂದೇ: "ನಾನು ಎಸೆತವಲ್ಲ, ಎಸೆಯುವವಳು."